ಬಂಗು ತೆಗೆಯುತ್ತಿದ್ದ ಓರಗಿತ್ತಿ

ಅವಳ ಬೆರಳುಗಳು ಸದಾ ತಣ್ಣಗಿರುತ್ತಿದ್ದವು, ಸ್ಪಿರಿಟ್ ವಾಸನೆ ಹೊಡೆಯುತ್ತಿದ್ದವು. ಯಾರನ್ನು ಕಂಡರೂ ‘ಹೇಗಿದೀರಾ’ ಅನ್ನುವ ಮೊದಲೇ ಆ ಬೆರಳುಗಳಿಂದ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ಕಲೆ ಹುಡುಕುತ್ತಿದ್ದಳು. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ಎದುರಿಗೆ ಹದಿನಾಲ್ಕು ವರ್ಷ ‘ಅಕ್ಕ, ನೀವು’ ಎಂದೇ ಮಾತಾಡಿಸಿದೆ. ಬರೆಯುವಾಗ ಆ ಬಹುವಚನ ಕೈಗೆ ಬರುತ್ತಿಲ್ಲ.

ಮಲೇಷ್ಯಾದ ಸೈಬರ್‌ಜಯಾ ಊರಿನ ಒಂದೇ ಕಾಂಡೋದಲ್ಲಿ, ಅಂದರೆ ಅಪಾರ್ಟ್‌ಮೆಂಟಿನಲ್ಲಿ, ನಾವು ಒಂಬತ್ತನೇ ಮಹಡಿ, ಅವರು ನಾಲ್ಕನೆಯದು. ಮೈಸೂರಿನಲ್ಲಿ ಮೂರು ತಿಂಗಳ ಬ್ಯೂಟಿಷಿಯನ್ ಕೋರ್ಸ್ ಮಾಡಿದ್ದಳು. ಅಡುಗೆಮನೆ ಪಕ್ಕದ ಕೋಣೆಯೇ ಪಾರ್ಲರು. ಹುಬ್ಬು ತೀಡಿದರೆ ನೋವೇ ಗೊತ್ತಾಗುತ್ತಿರಲಿಲ್ಲ, ಅದನ್ನು ಸುಳ್ಳೆನ್ನಲಾರೆ. ಆದರೆ ತಪ್ಪು ಯಾವತ್ತೂ ಅವಳದಾಗುತ್ತಿರಲಿಲ್ಲ. ಇಡ್ಲಿ ಗಟ್ಟಿಯಾದರೆ ಇಲ್ಲಿನ ಅಕ್ಕಿ ಸರಿಯಿಲ್ಲ. ಕಾರು ಕಂಬಕ್ಕೆ ಗುದ್ದಿದರೆ ಕಂಬ ನೆಟ್ಟವನಿಗೆ ಬುದ್ಧಿಯಿಲ್ಲ.

ಎರಡನೇ ಹೆರಿಗೆಯ ನಂತರ ನನ್ನ ಕೆನ್ನೆಗಳ ಮೇಲೆ ಕಂದು ಕಲೆಯ ಬಂಗು ಬಂದಿತ್ತು. ಲಾಕ್‌ಡೌನ್ ಶುರುವಾಗಿ ಆಫೀಸು ಲ್ಯಾಪ್‌ಟಾಪಿಗೆ ಬಂದ ಮೇಲೆ ದಿನವಿಡೀ ಮೀಟಿಂಗುಗಳಲ್ಲಿ ನನ್ನ ಮುಖವನ್ನೇ ನಾನು ನೋಡಬೇಕಾಯಿತು. ಚರ್ಮದ ಕ್ಲಿನಿಕ್ಕು ಮುಚ್ಚಿತ್ತು. ಅದೇ ಹೊತ್ತಿಗೆ ಅವಳು ಆನ್‌ಲೈನಿನಲ್ಲಿ ಒಂದು ಲೇಸರ್ ಮೆಷಿನ್ ತರಿಸಿದಳು.

“ಕ್ಲಿನಿಕ್‌ನಲ್ಲಿ ಮಾಡೋದೂ ಇದೇ ಲಾ. ಐದು ನಿಮಿಷ. ವಿಡಿಯೋ ಎಲ್ಲಾ ನೋಡಿದೀನಿ” ಎಂದಳು. ಇಲ್ಲಿನವರ ಹಾಗೆ ಮಾತಿನ ಕೊನೆಗೊಂದು ‘ಲಾ’ ಸೇರಿಸುವುದು ಅವಳಿಗೆ ರೂಢಿಯಾಗಿತ್ತು.

“ಸುಟ್ಟುಬಿಟ್ರೆ ಅಕ್ಕ?”

“ನನ್ನ ಮೇಲೆ ನಂಬಿಕೆ ಇಲ್ವಾ?”

ಇತ್ತು. ಕಣ್ಣಿಗೆ ಹತ್ತಿ ಇಟ್ಟು ಮಲಗಿಸಿದಳು. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚಟ್ ಚಟ್ಟೆಂದು ಹೊಡೆಯಿತು. ಎಡಗೆನ್ನೆಯಿಂದ ಕೂದಲು ಸುಟ್ಟ ವಾಸನೆ ಬಂದಾಗ, “ಸಾಕು ಅಕ್ಕ” ಎಂದೆ.

“ಸುಮ್ನಿರು, ಅರ್ಧಕ್ಕೆ ಬಿಟ್ರೆ ಒಂದೊಂದು ಕೆನ್ನೆ ಒಂದೊಂದು ಬಣ್ಣ ಆಗತ್ತೆ” ಎಂದು ಬಲಗೆನ್ನೆಯನ್ನೂ ಮುಗಿಸಿದಳು.

ಬೊಬ್ಬೆ ಎದ್ದು, ಒಣಗಿ, ಉದುರಿತು. ಅಡಿಯಲ್ಲಿ ಮೊದಲಿಗಿಂತ ದಟ್ಟವಾದ ಕಪ್ಪು. ಅವಳು ಬಂದು ನೋಡಿ, “ಬಾಲ್ಕನೀಲಿ ಬಟ್ಟೆ ಒಣಗಿಸೋಕೆ ಹೋಗಿದ್ಯ ತಾನೇ? ಬಿಸಿಲು ಬಿದ್ದಿದೆ. ಹೇಳಿದ ಮಾತು ಕೇಳಲ್ಲ ನೀನು” ಎಂದಳು.

ಕ್ಲಿನಿಕ್ಕು ತೆರೆದಾಗ ಅಲ್ಲಿನ ತಮಿಳು ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನನ್ನ ಎರಡೂ ಕೆನ್ನೆ ನೋಡಿದರು. ಬಂಗು ಶಾಖಕ್ಕೆ ಕೆರಳುತ್ತದೆ, ಮೊದಲು ತಿಂಗಳುಗಟ್ಟಲೆ ಕ್ರೀಮು, ಲೇಸರ್ ಮಾತು ಆಮೇಲೆ, ಅದೂ ಎಲ್ಲರಿಗೂ ಅಲ್ಲ ಎಂದರು. ಯಾರು ಮಾಡಿದ್ದು ಎಂದು ಕೇಳಿದರು. ಅವಳ ಗಂಡ, ಪಾಪದ ನಮ್ಮ ಭಾವ, ಕಣ್ಣೆದುರು ಬಂದರು. “ನಾನೇ” ಎಂದೆ. ಆ ಸುಳ್ಳು ಹೇಳಿಸಿದ್ದಕ್ಕೆ ಅವಳ ಮೇಲಿನ ದ್ವೇಷ ಇನ್ನೂ ಹೆಚ್ಚಾಯಿತು.

ಒಂದು ಮಧ್ಯಾಹ್ನ ಲಿಫ್ಟಿನಲ್ಲಿ ನಮ್ಮದೇ ಕಾಂಡೋದ ಮಂಗಳೂರಿನ ಹುಡುಗಿ ಸಿಕ್ಕಳು. “ನಿಮ್ಮ ಅಕ್ಕನತ್ರ ಲೇಸರ್ ಮಾಡಿಸ್ಲಿಕ್ಕೆ ಹೋಗುದು ಆಂಟಿ. ಮದುವೆಗೆ ಎರಡೇ ತಿಂಗಳುಂಟು.” ನಾನೂ ಅವಳ ಜೊತೆ ನಾಲ್ಕನೇ ಮಹಡಿಯಲ್ಲಿ ಇಳಿದೆ. ಓರಗಿತ್ತಿ ಬಾಗಿಲು ತೆಗೆದಳು. ಅವಳೆದುರೇ ಮಾಸ್ಕ್ ಕಳಚಿದೆ.

“ನೋಡಮ್ಮ. ಇದು ಇವರು ಮಾಡಿದ್ದು.”

ಹುಡುಗಿ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದಳು. “ಮನೆಯವಳೇ ಆಗಿ ಮಾನ ಕಳೆದ್ಯಲ್ಲೇ!” ಎಂದು ಓರಗಿತ್ತಿ ಬಾಗಿಲು ಬಡಿದಳು. ಆಮೇಲೆ ಒಂದು ದೀಪಾವಳಿ, ಒಂದು ಯುಗಾದಿ ಮಾತಿಲ್ಲದೆ ಕಳೆದವು.

ನಂತರ ಅವಳಿಗೆ ಕೋವಿಡ್ ಬಂತು. ಆಸ್ಪತ್ರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ನನಗೆ ವಿಡಿಯೋ ಕಾಲ್ ಮಾಡಿದಳು. ಮೂಗಿಗೆ ಆಕ್ಸಿಜನ್ ಕೊಳವೆ. ಪದಪದಕ್ಕೂ ಉಸಿರು ಎಳೆಯುತ್ತಿದ್ದಳು.

“ಒಂದ್ಸಲ... ಮುಖ ತೋರ್ಸೇ.”

ನನಗೆ ಕೆನ್ನೆ ಉರಿಯಿತು. “ನೆಟ್ ಸರಿ ಇಲ್ಲ ಅಕ್ಕ” ಎಂದು ಕ್ಯಾಮೆರಾ ಆರಿಸಿದೆ.

“ಸರಿ ಬಿಡು” ಎಂದಳು.

ಮೂರನೇ ದಿನ ಹೋದಳು. ದಹನಕ್ಕೆ ಭಾವ ಒಬ್ಬರೇ ಹೋಗಿ ಬಂದರು.

ಯಾಕೆ ನೋಡಬೇಕಿತ್ತು ಅವಳಿಗೆ? ತಪ್ಪಾಯಿತು ಅನ್ನಲಿಕ್ಕಿತ್ತೇ ಎಂದು ಗಂಡ ಒಮ್ಮೆ ಕೇಳಿದರು. ಇಲ್ಲ, ಮತ್ತೆ ನನ್ನದೇ ತಪ್ಪು ಹುಡುಕಲಿಕ್ಕೆ ಎಂದೆ. ಹಾಗೆಂದೇ ನಂಬಿಕೊಂಡಿದ್ದೇನೆ. ನಂಬದಿದ್ದರೆ ನನಗೆ ಕಷ್ಟ.