ಜೀರುಂಡೆಗೆ ಸ್ಪಂಜಿನ ತೊಟ್ಟಿಲು

ಜಪಾನಿನ ಹಮಾಮತ್ಸುವಿನಲ್ಲಿ, ಸಾಕುವ ಜೀರುಂಡೆಗಳನ್ನು ಮಾರುವ ಅಂಗಡಿಗೆ ನಾನು ಅಪರಾಧಿಯಾಗಿ ಹೋದೆ. ಅಕ್ಕನ ಮಗಳು ದಿಯಾ ಸಾಕಿದ ಇಂಡೋನೇಷ್ಯಾದ ಕೊಂಬಿನ ಜೀರುಂಡೆ, ಇನ್ನೂ ರೆಕ್ಕೆ ಬಿಚ್ಚದ ಪ್ಯೂಪಾ, ಡಬ್ಬಿಯ ಮಣ್ಣಿನಲ್ಲಿ ಗೂಡು ಮಾಡಿ ಮಲಗಿತ್ತು. ಮಿಮಿಕ್ರಿ ಹುಚ್ಚಿನ ನಾನು ಬೆಳಿಗ್ಗೆ ನಮ್ಮೂರ ತಮಟೆಯವರನ್ನು ಅನುಕರಿಸುತ್ತ ಅದೇ ಡಬ್ಬಿ ಬಾರಿಸಿದೆ. ಗೂಡು ಕುಸಿಯಿತು. ಗೂಡಿಲ್ಲದೆ ಪ್ಯೂಪಾ ಬದುಕುವುದು ಕಷ್ಟ.

“ಮಾಮಾ, ಪ್ಲೀಸ್, ಸುಮ್ನಿರು,” ಎಂದಳು ದಿಯಾ, ಕಣ್ಣೊರೆಸಿಕೊಳ್ಳುತ್ತ.

ಅಂಗಡಿಯ ಒಗಾವಾ-ಸಾನ್ ಬೈಯಲಿಲ್ಲ. ಹೂ ಜೋಡಿಸುವ ಹಸಿರು ಸ್ಪಂಜನ್ನು ಚಮಚದಲ್ಲಿ ಕೆತ್ತಿ, ನೀರು ಚಿಮುಕಿಸಿ, ಬೆರಳುದ್ದದ ತೊಟ್ಟಿಲು ಮಾಡಿದರು. ಪ್ಯೂಪಾಗೇ “ಸುಮಿಮಾಸೆನ್” ಎಂದು ಕ್ಷಮೆ ಕೇಳಿ, ಮೆಲ್ಲಗೆ ಎತ್ತಿ ಮಲಗಿಸಿದರು. ಅದು ಹೊಟ್ಟೆ ತಿರುಚಿ ಹೊರಳಿತು. ಬದುಕಿತ್ತು!

ನಾನು ಅವರಷ್ಟೇ ಬಗ್ಗಿ, ಅವರದೇ ದನಿಯಲ್ಲಿ “ಅರಿಗಾತೋ” ಎಂದು ಧನ್ಯವಾದ ಹೇಳಿದೆ.

“ಇದೂ ಮಿಮಿಕ್ರಿನಾ, ಮಾಮಾ?”

“ಇಲ್ಲ ಕಣೆ, ನಿಜವಾಗ್ಲೂ.”

ಈಗ ಬಸ್ಸಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲಿದೆ. ದಿಯಾಳೇ ಕೊಟ್ಟದ್ದು. ಜೋರಾಗಿ ಉಸಿರಾಡಲೂ ಹೆದರಿ ಕೂತಿದ್ದೇನೆ.