ಹಲ್ಲಿಗೆ ಕೇಳುವ ಶ್ರುತಿ

ಬೆಳಗಿನ ಐದೂವರೆ. ಎರಡು ಸಾವಿರ ಕುರ್ಚಿಗಳ ಸಭಾಂಗಣದಲ್ಲಿ ಅವರು, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು, ಇಬ್ಬರೇ. ವೇದಿಕೆಯ ಮೇಲೆ ಒಂದೇ ಬಲ್ಬು. ಅದರ ಕೆಳಗೆ ಕಾಲು ಮಡಚಿ ಕೂತ ಅರವತ್ತೊಂದರ ಮನುಷ್ಯ ಹಳೆಯ ಬೇಸ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಬಗ್ಗಿ, ಅದರ ಮರದ ಅಂಚನ್ನು ಹಲ್ಲಿನಿಂದ ಕಚ್ಚುತ್ತಾರೆ. ತಂತಿ ಮೀಟಿ ಕಣ್ಣು ಮುಚ್ಚುತ್ತಾರೆ.

"ಶ್ರುತಿ ಇಷ್ಟು ಕೆಳಗೆ ಯಾವತ್ತೂ ಇಳಿದಿರಲಿಲ್ಲ," ಅನ್ನುತ್ತಾರೆ.

ತಂಡದವರು ಇವರನ್ನು ಕರೆಯುವುದು ತಂತಿಯಣ್ಣ ಎಂದು. ನಲವತ್ತು ವರ್ಷದಿಂದ ಊರೂರು ಸುತ್ತುತ್ತಿರುವ ರಾಕ್ ತಂಡ, ಅಭಿಮಾನಿಗಳೇ ಅಜ್ಜಂದಿರಾಗಿದ್ದಾರೆ. ಮೂವತ್ತನಾಲ್ಕು ವರ್ಷದಿಂದ ಅದರ ವಾದ್ಯಗಳಿಗೆ ತಂತಿ ಕಟ್ಟಿ ಶ್ರುತಿ ಮಾಡುವುದು ಇವರ ಕೆಲಸ. ಪ್ರತಿ ಕಾರ್ಯಕ್ರಮಕ್ಕೆ ನಾಲ್ಕು ಗಿಟಾರು, ಎರಡು ಬೇಸು, ಒಟ್ಟು ಮೂವತ್ತೆರಡು ಹೊಸ ತಂತಿ. ಬೆರಳ ತುದಿಗಳು ಹಿಮ್ಮಡಿಯಷ್ಟು ಗಡುಸಾಗಿವೆ.

ತಂಡಕ್ಕೆ ಗೊತ್ತಿಲ್ಲದ ಸಂಗತಿಯೊಂದಿದೆ. ಮೂರು ವರ್ಷದಿಂದ ತಂತಿಯಣ್ಣನಿಗೆ ಎರಡೂ ಕಿವಿ ಕೇಳುವುದಿಲ್ಲ. ಮಾತನ್ನು ತುಟಿ ನೋಡಿ ಹಿಡಿಯುತ್ತಾರೆ, ಶ್ರುತಿಯನ್ನು ಹಲ್ಲಿನಿಂದ. ಎರಡು ವಾದ್ಯಗಳ ಮರವನ್ನು ತಾಗಿಸಿ ಕಚ್ಚಿದರೆ, ಶ್ರುತಿ ಒಂದಾದ ಕ್ಷಣ ನಡುಕ ನಿಲ್ಲುತ್ತದಂತೆ. ಗೊತ್ತಾದರೆ ಮನೆಗೆ ಕಳಿಸುತ್ತಾರೆಂಬ ಭಯ. ಹೆಂಡತಿಗೆ ಮಾತ್ರ ಗೊತ್ತು, ಈಗ ಬರೆಯಬಾರದೆಂಬ ಷರತ್ತಿನ ಮೇಲೆ ನನಗೂ. "'ನಾನು ಬೈದಿದ್ದು ಮೊದಲೂ ನಿಮಗೆ ಕೇಳ್ತಿರಲಿಲ್ಲ, ಈಗೇನು ವ್ಯತ್ಯಾಸ' ಅಂತಾಳೆ."

ಶ್ರುತಿ ತೋರಿಸುವ ಪುಟ್ಟ ಯಂತ್ರ ಜೇಬಲ್ಲೇ ಇದೆ. ಆದರೆ ಹಾಡುಗಾರರಿಗೆ ಎಪ್ಪತ್ತಾಯಿತು, ಗಂಟಲು ದಿನಕ್ಕೊಂದು ಥರ. ಇವತ್ತು ಶ್ರುತಿ ಎಷ್ಟು ಇಳಿಸಬೇಕೆಂದು ಯಂತ್ರ ಹೇಳುವುದಿಲ್ಲ. ಅದನ್ನು ಹೇಳುತ್ತಿದ್ದವರು ಹಾಡುಗಾರರ ತಮ್ಮ, ತಂಡದ ಬೇಸ್ ವಾದಕ. ಅಣ್ಣ ಬೆಳಿಗ್ಗೆ ಕೆಮ್ಮಿದ್ದು ಕೇಳಿಯೇ ಅಳತೆ ಹಿಡಿದು, ತಮ್ಮ ಬೇಸನ್ನು ಅಷ್ಟಕ್ಕೆ ಇಳಿಸಿ ಕೊಡುತ್ತಿದ್ದರು. ಉಳಿದವನ್ನು ತಂತಿಯಣ್ಣ ಅದಕ್ಕೆ ಹೊಂದಿಸುತ್ತಿದ್ದರು. ಆ ತಮ್ಮ ತೀರಿಕೊಂಡು ಹನ್ನೊಂದು ವರ್ಷ. ಈಗ ತಂತಿಯಣ್ಣನ ತೊಡೆಯ ಮೇಲಿರುವುದು ಅವರ ಬೇಸೇ, ಅದನ್ನು ಇಂದಿಗೂ ವೇದಿಕೆಯ ಬಲಮೂಲೆಯಲ್ಲಿ ನಿಲ್ಲಿಸುತ್ತಾರೆ. ಯಾರೂ ನುಡಿಸುವುದಿಲ್ಲ, ಅವರ ಜಾಗಕ್ಕೆ ಬಂದ ವಾದಕರೂ.

"ಅದರ ಬಿರಡೆ ನಾನು ಮುಟ್ಟಲ್ಲಮ್ಮ, ಧೂಳು ಒರೆಸ್ತೀನಿ ಅಷ್ಟೇ. ರಾತ್ರಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕ್ತೀನಿ, ಬೀಗದ ಕೈ ನನ್ನ ಹತ್ರಾನೇ ಇರುತ್ತೆ. ಬೆಳಿಗ್ಗೆ ತೆಗೆದರೆ ಆ ದಿನಕ್ಕೆ ಎಷ್ಟು ಬೇಕೋ ಅಷ್ಟಕ್ಕೇ ಇಳಿದಿರುತ್ತೆ."

ನಾನು ದೆವ್ವ-ಗಿವ್ವ ನಂಬುವವಳಲ್ಲ. ಲಾರಿಯ ಕುಲುಕಾಟಕ್ಕೆ ತಂತಿ ಸಡಿಲವಾಗಿರಬೇಕು ಅನ್ನುತ್ತೇನೆ. ಅವರು ನನ್ನ ತುಟಿ ನೋಡಿ ನಗುತ್ತಾರೆ. "ನಾಲ್ಕೂ ತಂತಿ ಒಂದೇ ಸಮ ಸಡಿಲ ಆಗುತ್ತಾ?"

ನಾನು ಆ ಪ್ರಶ್ನೆಯನ್ನೇ ಬರೆದುಕೊಳ್ಳುತ್ತೇನೆ.

ಮಧ್ಯಾಹ್ನ ಧ್ವನಿ ಪರೀಕ್ಷೆ. ಹಾಡುಗಾರರು ಗಿಟಾರು ಮೀಟಿದ ಕೂಡಲೇ ಮುಖ ಗಂಟಿಕ್ಕುತ್ತಾರೆ. "ಏನಯ್ಯ ಇದು, ಸಾವಿನ ಮನೆ ಇದ್ದ ಹಾಗಿದೆ. ನನ್ನ ಗಂಟಲು ಚೆನ್ನಾಗೇ ಇದೆ, ಮೇಲಕ್ಕೇರಿಸು." ಹಾಡಿಯೂ ತೋರಿಸುತ್ತಾರೆ, ನಿಜಕ್ಕೂ ಗಟ್ಟಿ ದನಿ. ಆಮೇಲೆ ಬಲಮೂಲೆಯತ್ತ ನೋಡುತ್ತಾರೆ. "ಅದನ್ನೂ ಒಳಗಿಡು. ಹನ್ನೊಂದು ವರ್ಷ ಆಯ್ತು, ಸಾಕು."

ತಂತಿಯಣ್ಣ ಆ ಬೇಸನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಎರಡು ಗಿಟಾರು, ಒಂದು ಬೇಸನ್ನು ಯಂತ್ರ ನೋಡಿ ಏರಿಸುತ್ತಾರೆ. ಬದಲಿಗೆಂದು ಇಟ್ಟ ಇನ್ನುಳಿದ ಮೂರನ್ನು ಏರಿಸುವುದಿಲ್ಲ. ಸಿಕ್ಕಿಬಿದ್ದರೆ ಎಂದು ಕೇಳುತ್ತೇನೆ. "ಗಂಟುಮೂಟೆ ಕಟ್ಟೋದೇ," ಅನ್ನುತ್ತಾರೆ.

ಸಂಜೆ ಏಳು. ಕುರ್ಚಿ ಭರ್ತಿ, ಆದರೆ ಕೂತವರಿಲ್ಲ. ಡ್ರಮ್ಮಿನ ಮೊದಲ ಪೆಟ್ಟು ಎದೆಗೇ ಬೀಳುತ್ತದೆ. ನರೆಗೂದಲಿನ ನಾಲ್ವರು ಸಭಾಂಗಣವನ್ನೇ ಎತ್ತಿ ಕುಣಿಸುತ್ತಾರೆ. ನನ್ನ ಪಕ್ಕದ ಅಜ್ಜಿಯೊಬ್ಬರು ಊರುಗೋಲನ್ನು ಗಾಳಿಯಲ್ಲಿ ಬೀಸುತ್ತಿದ್ದಾರೆ. ಎರಡನೇ ಹಾಡು ಮುಗಿಯುವಾಗ ನಾನು ಪರದೆಯ ಹಿಂದಕ್ಕೆ ಹೋಗಿ ತಂತಿಯಣ್ಣನ ಬಳಿ ನಿಲ್ಲುತ್ತೇನೆ.

ಮೂರನೇ ಹಾಡಿನ ನಡುವೆ ಹಾಡುಗಾರರ ದನಿ ಒಡೆಯುತ್ತದೆ. ಮತ್ತೆ ಪ್ರಯತ್ನಿಸುತ್ತಾರೆ, ಬರೀ ಗಾಳಿ. ದೀಪ ಆರಿಸುತ್ತಾರೆ. ಕತ್ತಲಲ್ಲಿ ತಂತಿಯಣ್ಣ ಗಿಟಾರು, ಬೇಸು ನುಡಿಸುವ ಮೂವರಿಗೂ ಇಳಿಸಿಟ್ಟ ವಾದ್ಯಗಳನ್ನು ಕೊಡುತ್ತಾರೆ. ಅದೇ ಹಾಡು ಕೆಳಗಿನ ಶ್ರುತಿಯಲ್ಲಿ ಮತ್ತೆ ಶುರುವಾಗುತ್ತದೆ. ಒಡೆದ ಗಂಟಲು ಅದರೊಳಗೆ ಸರಿಯಾಗಿ ಕೂರುತ್ತದೆ.

ತಂತಿಯಣ್ಣ ಬೀಗ ಹಾಕಿದ ಪೆಟ್ಟಿಗೆ ತೋರಿಸಿ, ಕಚ್ಚು ಎಂದು ಸನ್ನೆ ಮಾಡುತ್ತಾರೆ. ನಾಚಿಕೆ ಬಿಟ್ಟು ಅಂಚಿಗೆ ಹಲ್ಲು ಹಚ್ಚುತ್ತೇನೆ. ನಡುಗುತ್ತಿದೆ. ಇಷ್ಟು ಸದ್ದಿಗೆ ಯಾವ ಪೆಟ್ಟಿಗೆಯೂ ನಡುಗೀತು. ಹಾಡು ಮುಗಿಯುತ್ತದೆ. ಚಪ್ಪಾಳೆ ಬೀಳುವ ಮೊದಲು ಇಡೀ ಸಭಾಂಗಣ ಒಂದು ಉಸಿರಿನಷ್ಟು ಹೊತ್ತು ನಿಶ್ಶಬ್ದ. ಪೆಟ್ಟಿಗೆಯೊಳಗೆ ಮಾತ್ರ ಯಾರೋ ಇನ್ನೂ ಮೀಟುತ್ತಿದ್ದಾರೆ. ನಿಧಾನವಾಗಿ, ಒಂದೊಂದೇ ಸ್ವರ.

ಕಾರ್ಯಕ್ರಮ ಮುಗಿದ ಮೇಲೆ ಹಾಡುಗಾರರು ಬಂದು ತಂತಿಯಣ್ಣನ ಬೆನ್ನ ಹಿಂದೆ ನಿಲ್ಲುತ್ತಾರೆ. ಕರೆಯುವುದಿಲ್ಲ. ಸುತ್ತು ಹಾಕಿ ಮುಂದೆ ಬಂದು, ತುಟಿಯನ್ನು ಚೆನ್ನಾಗಿ ಆಡಿಸುತ್ತಾ ನಿಧಾನವಾಗಿ ಹೇಳುತ್ತಾರೆ: "ನಾಳೆ ಅವನನ್ನು ಅವನ ಜಾಗದಲ್ಲೇ ನಿಲ್ಲಿಸು."

ಅಂದರೆ ಕಿವಿಯ ಸಂಗತಿ ಅವರಿಗೆ ಗೊತ್ತಿತ್ತು. ತಂತಿಯಣ್ಣ ಕೈಯಲ್ಲಿದ್ದ ತಂತಿ ಸುತ್ತಿ ಮುಗಿಸುತ್ತಾರೆ. ಆಮೇಲೆ ನನ್ನತ್ತ ತಿರುಗುತ್ತಾರೆ.

"ಇನ್ನೇನು ಮುಚ್ಚುಮರೆ, ಬರ್ಕೊಳ್ಳಿ. ಆದರೆ ಎಲ್ಲಾ ನಾನೊಬ್ಬನೇ ಮಾಡ್ತೀನಿ ಅಂತ ಬರೀಬೇಡಿ. ಈ ಕೆಲಸಕ್ಕೆ ನಾವು ಇಬ್ಬರಿದ್ದೀವಿ."