ಗಣಿಕೆ ಗಿಡವನ್ನು ಕೇಳಿ ಕಿತ್ತ ಹಣ್ಣು

ಲಿವರ್ ಕಾಯಿಲೆಯನ್ನು ಗಣಿಕೆ ಹಣ್ಣಿನ ಸಾರ ತಡೆಯುತ್ತದೆಯೇ ಎಂದು ನೋಡುವುದು ನಮ್ಮ ಲ್ಯಾಬಿನ ಕೆಲಸ. ಹಣ್ಣು ಹುಡುಕಿಕೊಂಡು ಹರದನಹಳ್ಳಿಗೆ ಹೋಗಿದ್ದೆ. ಔಷಧಿಗೆ ಎಂದಾಗ ಹೊಲದ ಯಜಮಾನಿ ಸಾಕಮ್ಮ ಒಪ್ಪಿದ್ದರು. ಬದುವಿನಲ್ಲಿ ಕಪ್ಪಗೆ ಮಾಗಿದ್ದ ಗೊಂಚಲಿಗೆ ಕೈ ಹಾಕಿದ್ದೇ ತಡ, ಕೂಗಿದರು.

"ತಡೀರಿ ಸಾ! ಔಸ್ದಿಗೆ ಅಂದ್ಮೇಲೆ ಗಿಡಾನ ಕೇಳ್ದೆ ಕೀಳ್ತಾರಾ? ಯಾತಕ್ಕೆ ಅಂತ ಏಳಿ ಅದಕ್ಕೆ."

ತಮಾಷೆಯೆಂದು ನಕ್ಕೆ; ಅವರು ಪಟ್ಟು ಬಿಡಲಿಲ್ಲ. ನಾನು ಮೊಣಕಾಲೆತ್ತರದ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, "ಲಿವರ್ ಪರೀಕ್ಷೆಗೆ ಸ್ವಲ್ಪ ಹಣ್ಣು ಬೇಕಿತ್ತಮ್ಮ" ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಲ್ಯಾಬಿನಲ್ಲಿ ಲಿವರಿನ ಜೀವಕೋಶಗಳಿಗೆ ವಿಷ ಹಾಕಿದೆವು. ಒಂದು ತಟ್ಟೆಯಲ್ಲಿ ಅವು ಮುದುಡಿ ಸತ್ತವು. ಮೊದಲೇ ಹಣ್ಣಿನ ಸಾರ ಹಾಕಿದ್ದ ತಟ್ಟೆಯಲ್ಲಿ ಬಹುಪಾಲು ಬದುಕಿದ್ದವು! ಮೈಕ್ರೋಸ್ಕೋಪಿನಿಂದ ಕಣ್ಣು ಕೀಳಲಾಗಲಿಲ್ಲ. ಮಕ್ಕಳು ದಾರಿಯಲ್ಲಿ ಕಿತ್ತು ಬಾಯಿಗೆ ಹಾಕಿಕೊಳ್ಳುವ ಹಣ್ಣು ಸಾವಿಗೇ ಅಡ್ಡ ನಿಂತಿತ್ತು.

ಆದರೂ ನನ್ನ ಬುದ್ಧಿ ಕೇಳಬೇಕಲ್ಲ. ಗಿಡವನ್ನು ಕೇಳದೆ ಕಿತ್ತ ಹಣ್ಣನ್ನೂ ಪರೀಕ್ಷಿಸಿದೆ. ಅದೂ ಅಷ್ಟೇ ಚೆನ್ನಾಗಿ ಕಾಪಾಡಿತು. ಗೆದ್ದವನಂತೆ ಹೋಗಿ ಸಾಕಮ್ಮನಿಗೆ ಹೇಳಿದೆ.

"ಅದು ಗಿಡ ಕಣಪ್ಪ, ಕೇಳ್ದಿದ್ರೂ ಕೊಡ್ತದೆ," ಎಂದು ನಕ್ಕರು. "ಕೇಳ್ಬೇಕಾದ್ದು ಮನುಸ್ರು."

ಈಗ ಗಣಿಕೆ ತರಲು ನಾನೊಬ್ಬನೇ ಹೋಗುತ್ತೇನೆ. ಜೊತೆಗೆ ಯಾರಾದರೂ ಇದ್ದರೆ ಗಿಡದ ಹತ್ತಿರ ಮಾತಾಡುವುದು ಕಷ್ಟ.